ಪೈನ್ ಮರದ ರಾಳವೂ ಗರಗಸನೊಣವೂ

ಗರಗಸನೊಣವೆಂಬ ಹೆಸರು ಅರ್ಧ ಮಾತ್ರ ಸತ್ಯವಾದುದು. ಈ ಕೀಟವು ನೊಣವಲ್ಲ. ಜೇನು, ಕಣಜ, ಇರುವೆಗಳ ಬಳಗಕ್ಕೆ ಸೇರಿದುದು. ಆದರೆ ಕಣಜಕ್ಕಿರುವಂತೆ ಇದಕ್ಕೆ ಸಣ್ಣ ನಡುವಾಗಲಿ, ಕುಟುಕುವ ಕೊಂಡಿಯಾಗಲಿ ಇಲ್ಲ. ಗರಗಸವೆಂಬುದು ಮಾತ್ರ ಅಕ್ಷರಶಃ ನಿಜ. ಹೆಣ್ಣಿನ ಉದರದ ತುದಿಯಲ್ಲಿ ಹಲ್ಲುಳ್ಳ ಅಂಗವೊಂದುಂಟು. ಅದರಿಂದ ಪೈನ್ ಮರದ ಸೂಜಿಯಂಥ ಎಲೆಯನ್ನು ಸೀಳಿ, ಆ ಸೀಳಿನಲ್ಲಿ ತತ್ತಿಗಳನ್ನು ಹುದುಗಿಸುತ್ತದೆ. ಫಲಿತವಾದ ತತ್ತಿಗಳಿಂದ ಹೆಣ್ಣೂ, ಫಲಿತವಾಗದವುಗಳಿಂದ ಗಂಡೂ ಹುಟ್ಟುವುದು ಈ ಬಳಗದ ವೈಶಿಷ್ಟ್ಯ.

ಯುರೋಪಿನ ಕಾಡುಗಳಲ್ಲಿ ಪ್ರಸಿದ್ಧವಾದ ನಿಯೋಡಿಪ್ರಿಯನ್ ಸರ್ಟಿಫರ್ ಎಂಬ ಜಾತಿಯು ಶರತ್ಕಾಲದಲ್ಲಿ ತತ್ತಿಯಿಡುತ್ತದೆ. ತತ್ತಿಗಳು ಚಳಿಗಾಲವನ್ನು ಎಲೆಯೊಳಗೇ ಕಳೆಯುತ್ತವೆ. ವಸಂತದಲ್ಲಿ ಹೊರಬಂದ ಹುಳುಗಳು ಗುಂಪುಗೂಡಿ ಹಿಂದಿನ ವರ್ಷಗಳ ಎಲೆಗಳನ್ನು ತಿನ್ನುತ್ತವೆ. ಹೊಸ ಚಿಗುರು ಸಾಮಾನ್ಯವಾಗಿ ಉಳಿಯುವುದರಿಂದ ಮರವು ಸಾಯುವುದು ಅಪರೂಪ. ಆದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ.

ಪೈನ್ ಮರವು ಅಸಹಾಯವಾದುದೇನೂ ಅಲ್ಲ. ಅದರ ಅಂಗಾಂಗಗಳಲ್ಲಿ ರಾಳವು ತುಂಬಿದೆ. ಆವಿಯಾಗುವ ಟರ್ಪೀನುಗಳೂ ಜಿಗುಟಾದ ರಾಳಾಮ್ಲಗಳೂ ಇದರ ಮುಖ್ಯ ದ್ರವ್ಯಗಳು. ಗಾಯವಾದೊಡನೆ ಒಸರುವ ಈ ರಸವು ಅನೇಕ ಕೀಟಗಳಿಗೆ ವಿಷ. ಗರಗಸನೊಣದ ಹುಳುವಾದರೋ ಇದನ್ನೇ ತನ್ನ ಆಯುಧವನ್ನಾಗಿ ಮಾಡಿಕೊಂಡಿದೆ. ಅದರ ಅನ್ನನಾಳದ ಮೊದಲ ಭಾಗಕ್ಕೆ ಎರಡು ಚೀಲಗಳಿವೆ. ತಿಂದ ಎಲೆಯ ರಾಳವು ಆ ಚೀಲಗಳಲ್ಲಿ ಶೇಖರವಾಗುತ್ತದೆ. ಇರುವೆಯೋ ಜೇಡವೋ ಮೈಮೇಲೆ ಬಂದರೆ ಹುಳುವು ಬಾಯಿಂದ ರಾಳದ ಹನಿಯನ್ನು ಹೊರಡಿಸಿ ವೈರಿಗೆ ಒರಸುತ್ತದೆ. ಗುಂಪಿನ ಹುಳುಗಳೆಲ್ಲ ಏಕಕಾಲದಲ್ಲಿ ಮೈಯನ್ನು ಝಾಡಿಸಿ ನಿಲ್ಲುವುದೂ ಉಂಟು. ಅಮೆರಿಕದ ಥಾಮಸ್ ಐಸ್ನರ್ ಮತ್ತು ಸಂಗಡಿಗರು ೧೯೭೪ರಲ್ಲಿ ಈ ರಕ್ಷಣೆಯನ್ನು ವಿವರಿಸಿದರು. ಮರವು ತನಗಾಗಿ ಸಿದ್ಧಪಡಿಸಿದ ವಿಷವು ಹೀಗೆ ಮರದ ವೈರಿಗೇ ಕವಚವಾಯಿತು.

ಆದರೆ ಮರವು ಸೋತು ಸುಮ್ಮನಿರುವುದಿಲ್ಲ. ಡಿಪ್ರಿಯನ್ ಪೈನಿ ಎಂಬ ಇನ್ನೊಂದು ಜಾತಿಯು ತತ್ತಿಯಿಟ್ಟಾಗ, ಆ ಮರದ ಎಲೆಗಳಿಂದ ಹೊರಡುವ ಗಂಧವೇ ಬದಲಾಗುತ್ತದೆ. ತತ್ತಿಯಿಡದ ನೆರೆಯ ಎಲೆಗಳಲ್ಲಿಯೂ ಈ ಮಾರ್ಪಾಟು ಕಂಡುಬರುತ್ತದೆ. ಬದಲಾದ ಗಂಧವು ಗರಗಸನೊಣದ ತತ್ತಿಯೊಳಗೇ ತನ್ನ ತತ್ತಿಯನ್ನಿಡುವ ಸಣ್ಣ ಕಣಜವನ್ನು ಆಕರ್ಷಿಸುತ್ತದೆ. ಜರ್ಮನಿಯ ಮೋನಿಕಾ ಹಿಲ್ಕರ್ ಮತ್ತು ಸಂಗಡಿಗರು ೨೦೦೨ರಲ್ಲಿ ಇದನ್ನು ಪ್ರಕಟಿಸಿದರು. ಎಲೆಯನ್ನು ಬರಿದೆ ಗಾಯಗೊಳಿಸಿದರೆ ಈ ಫಲ ದೊರೆಯದು. ತತ್ತಿಗಳಿಗೆ ಲೇಪವಾಗಿ ಬರುವ ಸ್ರಾವವೂ ಗಾಯಕ್ಕೆ ತಾಕಬೇಕು. ಅಂದರೆ ತಾಯಿಕೀಟದ ಸ್ರಾವವೇ ಅದರ ಸಂತಾನದ ಗುಟ್ಟನ್ನು ಮರಕ್ಕೆ ತಿಳಿಸಿಕೊಡುತ್ತದೆ.

ಗಂಡುಹೆಣ್ಣುಗಳ ಸಮಾಗಮವೂ ಗಂಧದ ಮೂಲಕವೇ. ಹೆಣ್ಣು ಸೂಸುವ ಆಕರ್ಷಕ ದ್ರವ್ಯದ ಮೂಲವು ಡಿಪ್ರಿಯೋನಾಲ್ ಎಂಬ ಆಲ್ಕೊಹಾಲ್ ಎಂದು ೧೯೭೬ರಲ್ಲಿ ತಿಳಿದುಬಂದಿತು. ಒಂದು ಜಾತಿಯು ಅದರ ಅಸಿಟೇಟನ್ನೂ ಮತ್ತೊಂದು ಪ್ರೊಪಿಯೊನೇಟನ್ನೂ ಬಳಸುತ್ತದೆ. ಇದರ ಅಣುವು ಎಂಟು ಬಗೆಯ ರೂಪಗಳಲ್ಲಿರಬಲ್ಲುದು. ತಕ್ಕ ರೂಪವಿಲ್ಲದಿದ್ದರೆ ಗಂಡು ಸುಳಿಯದು. ಕೃತಕವಾಗಿ ತಯಾರಿಸಿದ ಈ ದ್ರವ್ಯವನ್ನು ಬಲೆಯಲ್ಲಿರಿಸಿ ಕೀಟದ ಹೆಚ್ಚಳವನ್ನು ಮುಂಚಿತವಾಗಿ ಅರಿಯಲು ಸಾಧ್ಯವಾಗಿದೆ.

ಈ ಜ್ಞಾನಕ್ಕೆ ವ್ಯಾವಹಾರಿಕ ಬೆಲೆಯೂ ಉಂಟು. ಯುರೋಪಿನ ಮೇಲೆ ಹೇಳಿದ ಮೊದಲ ಜಾತಿಯು ೧೯೨೫ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಾಣಿಸಿಕೊಂಡು, ಮುಂದೆ ಕೆನಡಾಕ್ಕೂ ಹರಡಿತು. ಅದನ್ನು ತಡೆಯಲು ಕೆನಡಾದವರು ೧೯೪೯ರಲ್ಲಿ ಸ್ವೀಡನ್ನಿನಿಂದ ಆ ಹುಳುಗಳಿಗೆ ರೋಗ ತರುವ ವೈರಸ್ಸನ್ನು ತರಿಸಿದರು. ಗುಂಪಾಗಿ ಬಾಳುವ ಹುಳುಗಳಲ್ಲಿ ರೋಗವು ಬೇಗ ಹಬ್ಬುತ್ತದೆ. ರಕ್ಷಣೆಗೆ ನೆರವಾದ ಒಗ್ಗಟ್ಟು ಅಲ್ಲಿ ವಿನಾಶಕ್ಕೆ ಕಾರಣವಾಗುತ್ತದೆ. ಕಾಡಿನ ಮೇಲೆ ವಿವೇಚನೆಯಿಲ್ಲದೆ ಎರಚಿದ ಕೀಟನಾಶಕವಾದರೋ ಹುಳುವಿನೊಡನೆ, ಮರವು ತಾನಾಗಿ ಕರೆಸಿಕೊಂಡ ಕಣಜವನ್ನೂ ಕೊಲ್ಲಬಲ್ಲುದು. ಮರದ ರಕ್ಷಣೆಗೆ ಹೊರಟವನು ಮೊದಲು ಮರವೇ ಏನು ಮಾಡುತ್ತಿದೆಯೆಂಬುದನ್ನು ಅರಿತಿರಬೇಕು.