ನೋವಿನ ಉಪಶಮನಕ್ಕೆ ಅಕ್ಯುಪಂಕ್ಚರ್

ಮಂಡಿನೋವು, ಸೊಂಟನೋವು, ಕತ್ತುನೋವು, ಅರೆತಲೆನೋವು ಇವು ಸಾಮಾನ್ಯವಾಗಿ ಪ್ರಾಣಾಪಾಯವನ್ನು ತರುವ ಕಾಯಿಲೆಗಳಲ್ಲ. ಆದರೆ ವರ್ಷಾನುಗಟ್ಟಲೆ ಇವುಗಳನ್ನು ಅನುಭವಿಸುವವರ ಪಾಡು ಕಡಿಮೆಯದೇನಲ್ಲ. ನೆಲದ ಮೇಲೆ ಕುಳಿತು ಏಳಲಾರದ ಗೃಹಿಣಿ, ದಿನವೂ ಎರಡು ಮೂರು ಗಂಟೆ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವ ನೌಕರ, ತಿಂಗಳಿಗೆ ನಾಲ್ಕಾರು ದಿನ ಕತ್ತಲೆ ಕೋಣೆಯಲ್ಲಿ ತಲೆ ಹಿಡಿದು ಮಲಗಬೇಕಾದ ವಿದ್ಯಾರ್ಥಿನಿ ಇವರೆಲ್ಲರೂ ಮೊದಲು ಮೊರೆಹೋಗುವುದು ಔಷಧದ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ನೋವುನಿವಾರಕ ಮಾತ್ರೆಗಳಿಗೆ. ಅಲ್ಪಕಾಲದ ಬಳಕೆಗೆ ಈ ಮಾತ್ರೆಗಳು ಉಪಯುಕ್ತವೇ ಸರಿ. ಆದರೆ ಅವುಗಳಲ್ಲಿ ಹಲವನ್ನು ದೀರ್ಘಕಾಲ ಸೇವಿಸಿದಲ್ಲಿ ಜಠರದಲ್ಲಿ ಹುಣ್ಣಾಗುವ, ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವವಿದೆ. ತಲೆನೋವಿಗೆಂದು ತಿಂಗಳಲ್ಲಿ ಹತ್ತು ಹದಿನೈದು ದಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಗಳಿಂದಲೇ ತಲೆನೋವು ಬರತೊಡಗುವುದೂ ಉಂಟು.

ಆದುದರಿಂದ ಔಷಧವನ್ನು ಆದಷ್ಟು ಕಡಿಮೆ ಮಾಡಿ ನೋವನ್ನು ಹತೋಟಿಯಲ್ಲಿಡುವ ಮಾರ್ಗಗಳ ಕಡೆಗೆ ವೈದ್ಯರ ಮತ್ತು ರೋಗಿಗಳ ಗಮನ ಹರಿದಿದೆ. ಅಂತಹ ಮಾರ್ಗಗಳಲ್ಲಿ ಅಕ್ಯುಪಂಕ್ಚರ್ ಒಂದು. ಇದು ಸಕಲ ರೋಗಗಳಿಗೂ ಮದ್ದೆಂದು ಸಾರುವವರೂ ಇದ್ದಾರೆ, ಬರೀ ನಂಬಿಕೆಯ ಆಟವೆಂದು ತಳ್ಳಿಹಾಕುವವರೂ ಇದ್ದಾರೆ. ಕಳೆದ ಐದು ದಶಕಗಳ ಸಂಶೋಧನೆಯು ಈ ಎರಡು ಮಾತುಗಳನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಚೀನಾದಿಂದ ಕಲ್ಕತ್ತೆಗೆ

ದೇಹದ ನಿರ್ದಿಷ್ಟ ಸ್ಥಾನಗಳಲ್ಲಿ ಅತಿ ಸೂಕ್ಷ್ಮವಾದ ಸೂಜಿಗಳನ್ನು ಚುಚ್ಚಿ ಚಿಕಿತ್ಸೆ ನೀಡುವ ಈ ಪದ್ಧತಿಯ ತವರು ಚೀನಾ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಂಕಲಿತವಾದ 'ಹುವಾಂಗ್‌ದಿ ನೈಜಿಂಗ್' ಎಂಬ ವೈದ್ಯಗ್ರಂಥದಲ್ಲಿ ಇದರ ವಿವರವಾದ ನಿರೂಪಣೆ ದೊರೆಯುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ಬರುವ ಸಿರಾವೇಧವೂ ಇದೇ ಎಂದು ಕೆಲವರು ಹೇಳುವುದುಂಟು. ಆದರೆ ಸಿರಾವೇಧವು ರಕ್ತವನ್ನು ಹೊರಬಿಡುವ ಕ್ರಮ. ಅಕ್ಯುಪಂಕ್ಚರ್‌ನಲ್ಲಿ ರಕ್ತ ತೆಗೆಯುವ ಉದ್ದೇಶವಿಲ್ಲ. ಚೀನೀ ಭಾಷೆಯಲ್ಲಿ ಇದಕ್ಕಿರುವ ಹೆಸರಿಗೆ 'ಸೂಜಿ ಮತ್ತು ಕಾವು' ಎಂದು ಅರ್ಥ. ಸೂಜಿಯ ಜೊತೆಗೆ, ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಒಣಗಿದ ಎಲೆಯನ್ನು ಉರಿಸಿ ಚರ್ಮಕ್ಕೆ ಶಾಖ ಕೊಡುವುದೂ ಅಲ್ಲಿ ರೂಢಿಯಲ್ಲಿದೆ. ಡಚ್ ವೈದ್ಯ ವಿಲೆಮ್ ಟೆನ್ ರೈನೆ 1683ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ, ಸೂಜಿ ಮತ್ತು ಚುಚ್ಚು ಎಂಬ ಅರ್ಥಗಳ ಎರಡು ಲ್ಯಾಟಿನ್ ಪದಗಳಿಂದಾದ ಈಗಿನ ಹೆಸರು ಯೂರೋಪಿನಲ್ಲಿ ಬಳಕೆಗೆ ಬಂದಿತು.

ತವರಿನಲ್ಲಿಯೂ ಇದರ ಚರಿತ್ರೆ ಏರಿಳಿತಗಳಿಂದ ಕೂಡಿದೆ. 1822ರಲ್ಲಿ ಚೀನಾದ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಲ್ಲಿ ಇದರ ಬೋಧನೆಯನ್ನು ನಿಲ್ಲಿಸಿದ. 1950ರ ದಶಕದಲ್ಲಿ ಅಲ್ಲಿನ ಹೊಸ ಸರ್ಕಾರ ಮತ್ತೆ ಪ್ರೋತ್ಸಾಹ ನೀಡಿತು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅನಂತರ ಉಂಟಾದ ಹೊಟ್ಟೆಯ ಸಂಕಟಕ್ಕೆ ಸೂಜಿಯ ಚಿಕಿತ್ಸೆ ಪಡೆದು, ಆ ಅನುಭವವನ್ನು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದ ಮೇಲೆ ಪಾಶ್ಚಾತ್ಯ ಜಗತ್ತಿನ ಕುತೂಹಲ ಕೆರಳಿತು. ಆತನ ಶಸ್ತ್ರಚಿಕಿತ್ಸೆ ನಡೆದುದು ಎಂದಿನ ಅರಿವಳಿಕೆಯ ಚುಚ್ಚುಮದ್ದಿನಿಂದಲೇ. ಬರೀ ಸೂಜಿಯಿಂದ ಅರಿವಳಿಕೆ ಮಾಡಿ ಶಸ್ತ್ರಚಿಕಿತ್ಸೆ ನಡೆಸಿದರೆಂಬ ಕಥೆ ಅನಂತರ ಹುಟ್ಟಿಕೊಂಡಿತು.

ಭಾರತಕ್ಕೆ ಈ ವಿದ್ಯೆ ಬಂದ ಬಗೆ ಇದಕ್ಕಿಂತ ಹೃದ್ಯವಾದುದು. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾದ ನೆರವಿಗಾಗಿ 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವೊಂದನ್ನು ಕಳುಹಿಸಿತು. ಕನ್ನಡ ಮತ್ತು ಮರಾಠಿ ಎರಡೂ ಮನೆಮಾತಾಗಿರುವ ಸೊಲ್ಲಾಪುರದಲ್ಲಿ ಜನಿಸಿ, ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದ ಡಾ. ದ್ವಾರಕಾನಾಥ ಕೋಟ್ನೀಸ್ ಅವರು ಆ ಐವರಲ್ಲಿ ಒಬ್ಬರು. ಗಾಯಾಳುಗಳ ಸೇವೆಯಲ್ಲಿಯೇ ದೇಹ ಸವೆಸಿ 1942ರಲ್ಲಿ ತೀರಿಕೊಂಡ ಅವರ ಕಥೆ ವಿ. ಶಾಂತಾರಾಮ್ ಅವರ ಚಲನಚಿತ್ರದ ಮೂಲಕ ಮನೆಮಾತಾಯಿತು. ತಂಡದ ಇನ್ನೊಬ್ಬ ಸದಸ್ಯರಾದ ಡಾ. ಬಿಜಯ್ ಕುಮಾರ್ ಬಸು ಅವರ ಹೆಸರು ಅಷ್ಟು ಪ್ರಸಿದ್ಧವಲ್ಲ. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ತೆರಳಿ ಅಕ್ಯುಪಂಕ್ಚರ್ ಕಲಿತು ಬಂದು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ನಮ್ಮ ದೇಶದಲ್ಲಿ ಈ ಪದ್ಧತಿಗೆ ತಳಹದಿ ಹಾಕಿದವರು ಅವರೇ.

ಚಿಕಿತ್ಸೆಯ ವಿಧಾನ

ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿಯು ಹದಿನಾಲ್ಕು ಪಥಗಳಲ್ಲಿ ಹರಿಯುತ್ತದೆ, ಆ ಹರಿವು ತಡೆದಾಗ ರೋಗ ತಲೆದೋರುತ್ತದೆ ಎಂಬುದು ಪ್ರಾಚೀನ ಚೀನೀಯರ ಕಲ್ಪನೆ. ಈ ಪಥಗಳ ಮೇಲಿರುವ 361 ಬಿಂದುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 1991ರಲ್ಲಿ ಏಕರೂಪದ ಹೆಸರುಗಳನ್ನು ಪ್ರಕಟಿಸಿತು. ಅಂಗರಚನಾಶಾಸ್ತ್ರದಲ್ಲಿ ಇಂತಹ ಪಥಗಳು ಕಂಡುಬಂದಿಲ್ಲ. ಚಿಕಿತ್ಸಕರು ಇವುಗಳನ್ನು ಇಂದಿಗೂ ನಕ್ಷೆಯಂತೆ ಬಳಸುತ್ತಾರೆ.

ಸೂಜಿಯೆಂದೊಡನೆ ಅನೇಕರು ಇಂಜೆಕ್ಷನ್ ನೆನೆದು ಅಂಜುತ್ತಾರೆ. ಇಂಜೆಕ್ಷನ್ನಿನ ಸೂಜಿ ಕೊಳವೆಯಂತೆ ಟೊಳ್ಳಾಗಿರುತ್ತದೆ. ಅಕ್ಯುಪಂಕ್ಚರ್ ಸೂಜಿಯಾದರೋ ಗಟ್ಟಿಯಾದ ಉಕ್ಕಿನ ಎಳೆ. ಅದರ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಕಾಲುಭಾಗದ ಆಸುಪಾಸು. ಅದರ ಮೂಲಕ ಯಾವ ಔಷಧವನ್ನೂ ದೇಹಕ್ಕೆ ಸೇರಿಸುವುದಿಲ್ಲ. ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವಾಗಬಹುದು. ಅನಂತರ ಆ ಜಾಗದಲ್ಲಿ ಭಾರ, ಜೋಮು ಅಥವಾ ಮಂದವಾದ ನೋವಿನ ಅನುಭವವಾಗುತ್ತದೆ. ಸೂಜಿ ಸರಿಯಾದ ಸ್ಥಾನಕ್ಕೆ ತಲುಪಿದುದಕ್ಕೆ ಇದೇ ಗುರುತೆಂದು ಚಿಕಿತ್ಸಕರು ಭಾವಿಸುತ್ತಾರೆ. ರೋಗಿಯು ಮಲಗಿದಂತೆಯೇ ಹದಿನೈದರಿಂದ ಮೂವತ್ತು ನಿಮಿಷ ಸೂಜಿಗಳನ್ನು ಹಾಗೆಯೇ ಬಿಡಲಾಗುತ್ತದೆ. ಕೆಲವೆಡೆ ಸೂಜಿಗಳಿಗೆ ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸುವುದೂ ಉಂಟು.

ನೋವು ತಗ್ಗುವುದು ಹೇಗೆ?

ಸೂಜಿಯ ಚುಚ್ಚುವಿಕೆಯಿಂದ ನರಗಳು ಪ್ರಚೋದನೆಗೊಂಡಾಗ ಮಿದುಳು ಮತ್ತು ಬೆನ್ನುಹುರಿಯಲ್ಲಿ 'ಎಂಡಾರ್ಫಿನ್' ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಇವು ಅಫೀಮಿನ ಸಾರದಂತೆ ನೋವಿನ ಅರಿವನ್ನು ಮಂದಗೊಳಿಸಬಲ್ಲವು. 1970ರ ದಶಕದಲ್ಲಿ ಕೆನಡಾದ ವಿಜ್ಞಾನಿ ಬ್ರೂಸ್ ಪೊಮೆರಾನ್ಜ್ ಅವರು ಅಫೀಮಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವನ್ನು ಪ್ರಾಣಿಗಳಿಗೆ ಕೊಟ್ಟಾಗ ಸೂಜಿಯ ನೋವುಶಮನ ಗುಣವೂ ಕುಂದಿದುದನ್ನು ತೋರಿಸಿದರು. ಸೂಜಿ ಚುಚ್ಚಿದ ಜಾಗದಲ್ಲಿಯೇ 'ಅಡಿನೊಸಿನ್' ಎಂಬ ವಸ್ತು ಹೆಚ್ಚುವುದನ್ನು 2010ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಾಣಲಾಯಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಗುಣ ಕಂಡುಬರುವುದು ಸೂಜಿಯಿಂದಲೋ, ಚಿಕಿತ್ಸೆ ದೊರೆಯಿತೆಂಬ ಸಮಾಧಾನದಿಂದಲೋ? ಇದನ್ನು ಪರೀಕ್ಷಿಸಲು ಸಂಶೋಧಕರು ತೋರಿಕೆಯ ಚಿಕಿತ್ಸೆಯನ್ನು ಬಳಸುತ್ತಾರೆ. ಅಂದರೆ ಶಾಸ್ತ್ರೋಕ್ತವಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚುತ್ತಾರೆ. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿದ್ದ 1,162 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಶಾಸ್ತ್ರೋಕ್ತ ಚಿಕಿತ್ಸೆ ಪಡೆದವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 44.2, ಮಾತ್ರೆ, ವ್ಯಾಯಾಮ ಮುಂತಾದ ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಮಾತ್ರ ಗುಣ ಕಂಡಿತು.

ಈ ಅಂಕಿಗಳನ್ನು ಎರಡು ರೀತಿಯಲ್ಲಿಯೂ ಓದಬಹುದು. ಸೂಜಿ ಹಾಕಿಸಿಕೊಂಡವರಿಗೆ ಬೇರೆಯವರಿಗಿಂತ ಹೆಚ್ಚು ಉಪಕಾರವಾಯಿತೆಂಬುದು ದಿಟ. ಆದರೆ ಇಂತಹ ಬಿಂದುವಿಗೇ ಚುಚ್ಚಬೇಕೆಂಬ ಶಾಸ್ತ್ರದ ಕಟ್ಟಳೆಗೆ ಅಷ್ಟು ಬಲವಾದ ಆಧಾರ ದೊರೆಯಲಿಲ್ಲವೆಂಬುದೂ ದಿಟ. 2018ರಲ್ಲಿ 39 ಅಧ್ಯಯನಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಜವಾದ ಚಿಕಿತ್ಸೆಯು ತೋರಿಕೆಯದಕ್ಕಿಂತ ಮೇಲೆಂಬುದು ಖಚಿತವಾಯಿತು. ಆದರೆ ಆ ಅಂತರ ದೊಡ್ಡದಲ್ಲ. ಉಪಶಮನದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತೆಂಬುದು ಗಮನಾರ್ಹ.

ಪ್ರಯೋಜನ ಎಲ್ಲೆಲ್ಲಿ?

ಹಳೆಯ ಸೊಂಟನೋವು, ಕತ್ತುನೋವು, ಸವೆತದಿಂದ ಬರುವ ಮಂಡಿನೋವು ಮತ್ತು ಪದೇಪದೇ ಮರುಕಳಿಸುವ ತಲೆನೋವುಗಳಲ್ಲಿ ಈ ಚಿಕಿತ್ಸೆಗೆ ಸಾಕಷ್ಟು ಪುರಾವೆಯಿದೆ. ಅರೆತಲೆನೋವಿನ ಮೇಲಿನ 22 ಅಧ್ಯಯನಗಳನ್ನು 2016ರಲ್ಲಿ ಪರಿಶೀಲಿಸಿದಾಗ, ಸೂಜಿಯ ಚಿಕಿತ್ಸೆಯನ್ನೂ ಪಡೆದ ನೂರು ಮಂದಿಯಲ್ಲಿ 41 ಮಂದಿಗೆ ತಲೆನೋವಿನ ದಿನಗಳು ಅರ್ಧಕ್ಕಿಳಿದವು. ಎಂದಿನ ಆರೈಕೆಯನ್ನಷ್ಟೇ ಪಡೆದವರಲ್ಲಿ ಈ ಭಾಗ್ಯ 17 ಮಂದಿಗೆ ದೊರೆಯಿತು. ಇಷ್ಟಾಗಿಯೂ ತಜ್ಞರಲ್ಲಿ ಒಮ್ಮತವಿಲ್ಲ. ಜರ್ಮನಿಯು ಸೊಂಟನೋವು ಮತ್ತು ಮಂಡಿನೋವುಗಳಿಗೆ ಇದರ ವೆಚ್ಚವನ್ನು ಆರೋಗ್ಯ ವಿಮೆಯಿಂದ ಭರಿಸಲು 2006ರಲ್ಲಿ ನಿರ್ಧರಿಸಿತು. ಇಂಗ್ಲೆಂಡಿನ ತಜ್ಞರ ಸಂಸ್ಥೆಯು 2016ರಲ್ಲಿ ಸೊಂಟನೋವಿಗೆ ಇದು ಬೇಡವೆಂದಿತು. 2021ರಲ್ಲಿ, ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಇದನ್ನು ಪರಿಶೀಲಿಸಬಹುದೆಂದಿತು.

ನೋವಲ್ಲದ ತೊಂದರೆಗಳಲ್ಲಿ ಹೆಚ್ಚಿನ ಆಧಾರವಿರುವುದು ಓಕರಿಕೆ ಮತ್ತು ವಾಂತಿಗೆ. ಅದರಲ್ಲಿಯೂ ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಂತಿಗೆ. ಇದಕ್ಕೆ ಬಳಸುವ ಬಿಂದು ಮುಂಗೈಯ ಒಳಭಾಗದಲ್ಲಿದೆ. ಮಣಿಕಟ್ಟಿನ ಗೆರೆಯಿಂದ ಮೊಣಕೈಯ ಕಡೆಗೆ ಮೂರು ಬೆರಳಗಲ ಬಿಟ್ಟು, ಅಲ್ಲಿ ಕಾಣುವ ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿದರೆ ಸೂಜಿಯಿಲ್ಲದೆಯೇ ಕೆಲವರಿಗೆ ಆರಾಮ ದೊರೆಯುತ್ತದೆ. ಯಾರು ಬೇಕಾದರೂ ಮಾಡಿನೋಡಬಹುದಾದ, ಕಾಸು ಖರ್ಚಿಲ್ಲದ ಉಪಾಯವಿದು.

ನಿದ್ರಾಹೀನತೆ, ಬೊಜ್ಜು, ಧೂಮಪಾನದ ಚಟ ಮುಂತಾದವುಗಳಿಗೂ ಸೂಜಿ ಹಾಕುವವರಿದ್ದಾರೆ. ಈ ವಿಷಯಗಳಲ್ಲಿ ಪುರಾವೆ ಇನ್ನೂ ದುರ್ಬಲವಾಗಿದೆ. ಮಧುಮೇಹ, ರಕ್ತದ ಒತ್ತಡ, ಕ್ಷಯ, ಕ್ಯಾನ್ಸರ್ ಇವುಗಳನ್ನು ಸೂಜಿಯಿಂದ ವಾಸಿಮಾಡುವುದಾಗಿ ಯಾರಾದರೂ ಹೇಳಿದರೆ ಅದನ್ನು ನಂಬಲಾಗದು. ಇಂತಹ ಮಾತಿಗೆ ಮರುಳಾಗಿ ಇನ್ಸುಲಿನ್ ಅಥವಾ ಒತ್ತಡದ ಮಾತ್ರೆಯನ್ನು ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರ.

ಮೊದಲು ರೋಗನಿರ್ಣಯ

ನೋವು ಎಂಬುದು ದೇಹವು ಕೊಡುವ ಎಚ್ಚರಿಕೆಯೂ ಹೌದು. ಕಾರಣ ತಿಳಿಯದೆ ಅದನ್ನು ಅಡಗಿಸುವುದರಿಂದ ಗುಣಪಡಿಸಬಹುದಾಗಿದ್ದ ರೋಗವು ಕೈಮೀರಬಹುದು. ಎದೆಯಲ್ಲಿ ಬಿಗಿತದ ನೋವು, ಸಿಡಿಲು ಬಡಿದಂತೆ ಹಠಾತ್ತನೆ ಬರುವ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು, ಸೊಂಟನೋವಿನ ಜೊತೆಗೆ ಕಾಲಿನ ಬಲ ಕುಂದುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು ಇಂತಹ ಸಂದರ್ಭಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಿನಾಕಾರಣ ತೂಕ ಇಳಿಯುತ್ತಿದ್ದರೆ ಅಥವಾ ರಾತ್ರಿಯ ಹೊತ್ತು ನೋವು ಉಲ್ಬಣಿಸುತ್ತಿದ್ದರೂ ಮೊದಲು ವೈದ್ಯರ ತಪಾಸಣೆಯಾಗಬೇಕು. ಸೂಜಿಯ ಸರದಿ ಬರುವುದು ಅನಂತರ.

ನುರಿತವರ ಕೈಯಲ್ಲಿ ಈ ಚಿಕಿತ್ಸೆ ಬಹುಮಟ್ಟಿಗೆ ಸುರಕ್ಷಿತ. ಚುಚ್ಚಿದಲ್ಲಿ ಒಂದು ಹನಿ ರಕ್ತ, ಸಣ್ಣ ಬಾವು, ಒಮ್ಮೊಮ್ಮೆ ತಲೆಸುತ್ತು ಇಷ್ಟೇ ಸಾಮಾನ್ಯವಾಗಿ ಕಾಣುವ ತೊಂದರೆಗಳು. ಜರ್ಮನಿಯಲ್ಲಿ ಸುಮಾರು 97 ಸಾವಿರ ರೋಗಿಗಳನ್ನು ಗಮನಿಸಿದಾಗ ಸೂಜಿ ತಗುಲಿ ಶ್ವಾಸಕೋಶದ ಸುತ್ತ ಗಾಳಿ ಸೇರಿದ ಪ್ರಕರಣಗಳು ಎರಡು ಮಾತ್ರ. ಆದರೆ ಒಬ್ಬರಿಗೆ ಬಳಸಿದ ಸೂಜಿಯನ್ನು ಸರಿಯಾಗಿ ಶುದ್ಧಿಗೊಳಿಸದೆ ಇನ್ನೊಬ್ಬರಿಗೆ ಬಳಸಿದಲ್ಲಿ ಹೆಪಟೈಟಿಸ್ 'ಬಿ' ಹರಡಿದ ಉದಾಹರಣೆಗಳಿವೆ. ಒಮ್ಮೆ ಬಳಸಿ ಎಸೆಯುವ, ಮೊಹರಾದ ಪೊಟ್ಟಣದ ಸೂಜಿಗಳನ್ನು ತಮ್ಮ ಕಣ್ಣೆದುರೇ ಬಿಡಿಸುವಂತೆ ಕೇಳಲು ರೋಗಿಗಳು ಸಂಕೋಚಪಡಬೇಕಾಗಿಲ್ಲ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಈ ವಿಷಯವನ್ನು ಮುಂಚಿತವಾಗಿಯೇ ತಿಳಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ವಿದ್ಯುತ್ ಹರಿಸುವ ಸೂಜಿ ಸಲ್ಲದು.

ಕೇಂದ್ರ ಆರೋಗ್ಯ ಸಚಿವಾಲಯವು 2003ರ ನವೆಂಬರ್‌ನಲ್ಲಿ, ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವಾಗಿ ಬಳಸಬಹುದೆಂದು ತಿಳಿಸಿತು. 2019ರಲ್ಲಿ ಇದಕ್ಕೆ ಪ್ರತ್ಯೇಕ ಪದ್ಧತಿಯ ಮಾನ್ಯತೆ ದೊರೆಯಿತು. ಪಶ್ಚಿಮ ಬಂಗಾಳವು 1996ರಲ್ಲಿಯೇ ಇದಕ್ಕೆಂದು ಕಾಯಿದೆ ಮಾಡಿತು. ಮಹಾರಾಷ್ಟ್ರದ ಕಾಯಿದೆ 2015ರದು. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವವರು ಚಿಕಿತ್ಸಕರ ನೋಂದಣಿಯನ್ನು ವಿಚಾರಿಸಿ ಮುಂದುವರಿಯುವುದು ಒಳಿತು. ಇತರ ಕಡೆಗಳಲ್ಲಿ ಚಿಕಿತ್ಸಕರು ಯಾವ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದಿದ್ದಾರೆ, ಸೂಜಿಯ ತರಬೇತಿ ಎಲ್ಲಿ, ಎಷ್ಟು ಕಾಲ ಆಗಿದೆ ಎಂಬುದನ್ನು ಕೇಳಿ ತಿಳಿಯಬೇಕು. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರಗಳ ಸಂಖ್ಯೆಯಿಂದ ಇದನ್ನು ಅಳೆಯಲಾಗದು.

ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹತ್ತು ಸಲ ನೀಡಲಾಗುತ್ತದೆ. ಪ್ರಾರಂಭಿಸುವ ಮುನ್ನ ಒಂದು ವಾರ ಕಾಲ ನೋವಿಗೆ ಪ್ರತಿದಿನವೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಅಂದು ನುಂಗಿದ ಮಾತ್ರೆಗಳ ಲೆಕ್ಕವನ್ನೂ, ನಡೆದ ದೂರ ಅಥವಾ ಏರಿದ ಮೆಟ್ಟಿಲುಗಳ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಚಿಕಿತ್ಸೆಯ ಅವಧಿಯಲ್ಲಿಯೂ ಇದನ್ನು ಮುಂದುವರಿಸಬೇಕು. ಐದಾರು ಸಲ ಸೂಜಿ ಹಾಕಿಸಿಕೊಂಡ ಮೇಲೆ ಹಳೆಯ ಪುಟವನ್ನೂ ಹೊಸ ಪುಟವನ್ನೂ ಹೋಲಿಸಿ ನೋಡಿದಾಗ ವ್ಯತ್ಯಾಸವೇನೂ ಕಾಣದಿದ್ದರೆ, ಮತ್ತೆ ಹಣ ತೆರುವುದನ್ನು ಬಿಟ್ಟು, ಆ ಪುಸ್ತಕದೊಡನೆ ತಮ್ಮ ವೈದ್ಯರಲ್ಲಿಗೆ ಹಿಂದಿರುಗುವುದು ಸೂಕ್ತ.