ಗಮನ ಜಾರುವ ಮಗು ಸೋಮಾರಿಯಲ್ಲ

ಚೆನ್ನಾಗಿ ಓದುತ್ತಿದ್ದ ಮಗು ಈಗ ಪುಸ್ತಕ ತೆರೆದು ಒಂದೇ ಪುಟ ನೋಡುತ್ತಾ ಕೂರುತ್ತದೆ. ಮದ್ರಸದಲ್ಲಿ ನಿನ್ನೆ ಕಲಿತ ಸೂರಾ ಇಂದು ನೆನಪಿಲ್ಲ. ಕರೆದರೆ ತಿರುಗುವುದಿಲ್ಲ, ಯಾರೂ ಇಲ್ಲದ ಕಡೆ ನೋಡಿ ಗುನುಗುತ್ತದೆ. ತಂದೆ ಮೊಬೈಲನ್ನು ದೂರುತ್ತಾರೆ, ಅಜ್ಜಿ ಗಾಳಿ ಸೋಕಿದೆ ಎನ್ನುತ್ತಾರೆ. ಶ್ರೀರಂಗಪಟ್ಟಣವಿರಲಿ, ಕೆ.ಆರ್. ಪೇಟೆಯಿರಲಿ, ಈ ಮಾತುಗಳನ್ನು ನೀವೂ ಕೇಳಿರುತ್ತೀರಿ.

ಇದರ ಹಿಂದೆ ಸ್ಕಿಜೋಫ್ರೇನಿಯಾ ಇರಬಹುದು. 13 ವರ್ಷದೊಳಗೆ ಈ ಕಾಯಿಲೆ ಬಹಳ ಅಪರೂಪ, ಹದಿಹರೆಯದಲ್ಲಿ ಅಷ್ಟು ಅಪರೂಪವಲ್ಲ.

ತರಗತಿಯಲ್ಲಿ ಫ್ಯಾನಿನ ಸದ್ದು, ರಸ್ತೆಯ ಲಾರಿ, ಗೆಳೆಯನ ಪಿಸುಮಾತು, ಟೀಚರ್ ದನಿ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಮೆದುಳು ಜರಡಿ ಹಿಡಿದು ಬೇಕಾದದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಜರಡಿಯ ಕಣ್ಣು ದೊಡ್ಡದಾಗುತ್ತದೆ. ಗಮನಿಸಬೇಕಾದ ಸದ್ದೊಂದು ಬಂದ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಏಳುವ ವಿದ್ಯುತ್ ಅಲೆ ಇಂಥ ಮಕ್ಕಳಲ್ಲಿ ಸರಾಸರಿ ಚಿಕ್ಕದಾಗಿರುತ್ತದೆ. ಗಮನ ಹಿಡಿದಿಡುವ, ಹಣೆಯ ಹಿಂದಿನ ಭಾಗವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೈದರೆ, ಹೊಡೆದರೆ ಈ ಅಲೆ ದೊಡ್ಡದಾಗುವುದಿಲ್ಲ. ಹಾಗೆಂದು ಸಾಲ ಮಾಡಿ ಸ್ಕ್ಯಾನಿಗೆ ಓಡಬೇಡಿ. ಸ್ಕ್ಯಾನ್, ಇಇಜಿ ಬೇರೆ ಕಾಯಿಲೆ ಇಲ್ಲವೆಂದು ತಿಳಿಯಲು ಮಾತ್ರ. ಸ್ಕಿಜೋಫ್ರೇನಿಯಾವನ್ನು ಮನೋವೈದ್ಯರು ಮಗುವಿನೊಂದಿಗೆ ಮಾತಾಡಿ, ಗಮನಿಸಿ ಗುರುತಿಸುತ್ತಾರೆ.

ಚಿಕ್ಕಂದಿನಿಂದಲೇ ಒಂದು ಕಡೆ ಕೂರದ ಮಕ್ಕಳ ತೊಂದರೆ ಸಾಮಾನ್ಯವಾಗಿ ಬೇರೆಯದು. ಸರಿಯಿದ್ದ ಮಗು ತಿಂಗಳುಗಳಲ್ಲಿ ಇಳಿಯುತ್ತಾ ಹೋಗುವುದು, ನಿದ್ದೆ ಕೆಡುವುದು, ಸ್ನಾನ ಬಿಡುವುದು, ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಎನ್ನುವುದು, ಇವು ಎಚ್ಚರಿಕೆಯ ಗುರುತುಗಳು. ಜ್ವರ, ಫಿಟ್ಸ್ ಜೊತೆ ಕೆಲವೇ ದಿನಗಳಲ್ಲಿ ಮಗು ಬದಲಾದರೆ ಅಥವಾ ಸಾಯುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಯೂನಾನಿಯ ಬಗ್ಗೆ ಒಂದು ಮಾತು. ಅಸ್ರೋಲ್, ಅಂದರೆ ಸರ್ಪಗಂಧಿ, ಉನ್ಮಾದಕ್ಕೆ ಹಳೆಯ ಮದ್ದು. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಅದರಿಂದ ಬೇರ್ಪಡಿಸಿದ ಸಾರಕ್ಕೆ ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. 1950ರ ದಶಕದಲ್ಲಿ ಇದೇ ಬೇರಿನ ರಿಸರ್ಪಿನ್ ಅಲೋಪತಿಯಲ್ಲೂ ಮನೋರೋಗಕ್ಕೆ ಬಳಕೆಯಲ್ಲಿತ್ತು. ರಕ್ತದೊತ್ತಡ ಇಳಿಸುತ್ತದೆ, ಮನಸ್ಸು ಕುಗ್ಗಿಸುತ್ತದೆ ಎಂಬ ಕಾರಣಕ್ಕೆ ಹಿಂದೆ ಸರಿಯಿತು, ಅದಕ್ಕಿಂತ ಒಳ್ಳೆಯ ಔಷಧಿಗಳೂ ಬಂದವು. ಆದ್ದರಿಂದ ಅಂಗಡಿಯಿಂದ ಬೇರು ತಂದು ಮಗುವಿಗೆ ಅರೆದು ಕುಡಿಸಬೇಡಿ. ಈ ಕಾಯಿಲೆಗೆ ಮನೋವೈದ್ಯರ ಮಾತ್ರೆಯೇ ಬೇಕು. ನಿದ್ದೆ, ಊಟದ ಕ್ರಮ, ಮಾತ್ರೆಯಿಂದ ತೂಕ ಏರದಂತೆ ನಡಿಗೆ, ಇವುಗಳಲ್ಲಿ ನಮ್ಮಂಥವರು ಜೊತೆಗಿರಬಹುದು. ದುಆ ಮಾಡಿ, ದಮ್ ಮಾಡಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಎಲ್ಲಿಗೆ ಹೋಗಬೇಕು? ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ತಾಲೂಕಿನಲ್ಲೇ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರಿಗೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಇವೆ. ಚಿಕ್ಕ ಮಕ್ಕಳಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಹೊರಡುವ ಮೊದಲು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಮಗುವಿನ ಹಳೆಯ ಮತ್ತು ಹೊಸ ನೋಟ್‌ಬುಕ್ ಎರಡನ್ನೂ ಒಯ್ಯಿರಿ. ಬದಲಾವಣೆ ಯಾವ ತಿಂಗಳಲ್ಲಿ ಶುರುವಾಯಿತು ಎಂಬುದು ಕೈಬರಹದಲ್ಲೇ ವೈದ್ಯರಿಗೆ ಕಾಣಬಹುದು.