ಮನೆಯೊಳಗಿನ ಸೈಕಲ್ ಟ್ರೈನರ್: ಕೊಳ್ಳುವುದೋ ಬಿಡುವುದೋ?

ಪುಣೆಯ ಹಡಪಸರದಿಂದ ಹೊರಟ ಒಂದು ರಸ್ತೆ ದಿವೇ ಘಾಟ್ ಹತ್ತಿ ಸಾಸವಡ ಸೇರುತ್ತದೆ. ಕೋಂಢವಾ ಕಡೆಯಿಂದ ಬಂದ ಇನ್ನೊಂದು ರಸ್ತೆ ಬೋಪದೇವ ಘಾಟ್ ಹತ್ತಿ ಅದೇ ಊರಿಗೆ ಬರುತ್ತದೆ. ಕರ್ಹಾ ನದಿಯ ದಂಡೆಯ ಸಾಸವಡ ಪುರಂದರ ತಾಲ್ಲೂಕಿನ ಮುಖ್ಯ ಪಟ್ಟಣ, ಸಂತ ಸೋಪಾನದೇವರ ಸಮಾಧಿ ಸ್ಥಳ. ಸಮೀಪದ ಪುರಂದರಗಡವೇ ಪುರಂದರದಾಸರ ಹುಟ್ಟೂರೆಂದು ಕನ್ನಡಿಗರು ಬಹುಕಾಲ ನಂಬಿದ್ದರು. ಇಲ್ಲಿಂದ ಮುಂದಕ್ಕೆ ಹೋದರೆ ಜೇಜುರಿ. ಅಲ್ಲಿನ ಖಂಡೋಬಾನನ್ನು ನಾವು ಮೈಲಾರಲಿಂಗನೆಂದು ಪೂಜಿಸುತ್ತೇವೆ.

ಸೈಕಲ್ ಹವ್ಯಾಸಿಗಳಿಗೆ ಈ ನೆಲ ದೊಡ್ಡ ಆಸ್ತಿ. ಎರಡು ಘಾಟಿಗಳು, ಘಾಟಿಯ ಮೇಲೆ ಬಯಲು, ಬಯಲಿನಾಚೆ ಕೋಟೆಯ ಏರು. ರಜಾದಿನದ ಬೆಳಗ್ಗೆ ಪುಣೆಯ ಸೈಕಲ್ ಸವಾರರು ಗುಂಪುಗುಂಪಾಗಿ ಇತ್ತ ಬರುತ್ತಾರೆ. 2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ನಡೆದ ಪುಣೆ ಗ್ರ್ಯಾಂಡ್ ಟೂರ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ದಾರಿಯಲ್ಲೂ ಪುರಂದರದ ರಸ್ತೆಗಳಿದ್ದವು. ಬಾಗಿಲು ತೆರೆದರೆ ಇಂಥ ರಸ್ತೆ ಸಿಗುವ ಊರಿನಲ್ಲಿ, ನಿಂತಲ್ಲೇ ತುಳಿಯುವ ಯಂತ್ರಕ್ಕೆ ಹಣ ಹಾಕಬೇಕೆ? ಹಡಪಸರದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರೂ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಸವಾರರೂ ಇದೇ ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ ಮೊದಲು ಯಂತ್ರ ಏನು ಮಾಡುತ್ತದೆಂದು ತಿಳಿಯಬೇಕು.

ಯಂತ್ರದ ಬಗೆಗಳು

ವ್ಯಾಯಾಮಶಾಲೆಯ ನಿಂತ ಸೈಕಲ್ಲೇ ಬೇರೆ, ಟ್ರೈನರೇ ಬೇರೆ. ಟ್ರೈನರ್ ನಿಮ್ಮದೇ ಸೈಕಲ್ಲನ್ನು ಹಿಡಿದು ನಿಲ್ಲಿಸಿ, ಪೆಡಲಿಗೆ ಎದುರೊತ್ತಡ ಕೊಡುತ್ತದೆ. ಸೀಟಿನ ಎತ್ತರ, ಹ್ಯಾಂಡಲಿನ ದೂರ, ಗೇರು ಎಲ್ಲವೂ ನಿಮಗೆ ರೂಢಿಯಾದವೇ ಆಗಿರುತ್ತವೆ. ಇದೇ ಅದರ ಮುಖ್ಯ ಅನುಕೂಲ.

ಹಳೆಯ ಬಗೆ ರೋಲರ್. ನೆಲದ ಮೇಲಿನ ಚೌಕಟ್ಟಿನಲ್ಲಿ ಮೂರು ಉರುಳೆಗಳಿರುತ್ತವೆ. ಅವುಗಳ ಮೇಲೆ ಸೈಕಲ್ ನಿಲ್ಲಿಸಿ, ಬೀಳದಂತೆ ಸಮತೋಲ ಕಾಯ್ದುಕೊಂಡು ತುಳಿಯಬೇಕು. ಉರುಳೆಯ ಮೇಲೆ ಗಾಳಿಯ ಅಡ್ಡಿ ಇಲ್ಲದ್ದರಿಂದ ವೇಗ ಸುಲಭವಾಗಿ ಏರುತ್ತದೆ. ಹೊರಗೂ ಗಾಳಿಯ ಅಡ್ಡಿ ತಪ್ಪಿದರೆ ಹೀಗೇ: 1899ರ ಜೂನ್ 30ರಂದು ಅಮೆರಿಕದ ಚಾರ್ಲ್ಸ್ ಮರ್ಫಿ ಲಾಂಗ್ ಐಲೆಂಡ್‌ನಲ್ಲಿ ಓಡುವ ರೈಲಿನ ಬೆನ್ನಿಗೆ ಅಂಟಿಕೊಂಡಂತೆ ಸೈಕಲ್ ತುಳಿದು, ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ದಾಟಿದರು. ರೈಲು ಎದುರುಗಾಳಿಯನ್ನು ತಡೆದದ್ದೇ ಆ ವೇಗದ ಗುಟ್ಟು.

ಎರಡನೆಯದು ಅಯಸ್ಕಾಂತದ ಟ್ರೈನರ್. ಹಿಂದಿನ ಟೈರು ಒಂದು ಉರುಳೆಗೆ ಒತ್ತಿಕೊಂಡಿರುತ್ತದೆ. ಉರುಳೆಯ ಜೊತೆ ತಿರುಗುವ ಲೋಹದ ತಟ್ಟೆ ಅಯಸ್ಕಾಂತದ ಬಳಿ ಹಾಯುವಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ, ಚಲನೆಯನ್ನೇ ತಡೆಯುತ್ತದೆ. ಒತ್ತಡ ಹೆಚ್ಚಿಸಲು ಒಂದು ಸನ್ನೆ ಇರುತ್ತದೆ. ಮೂರನೆಯದು ದ್ರವದ ಟ್ರೈನರ್. ಇದರಲ್ಲಿ ರೆಕ್ಕೆಯ ಚಕ್ರವೊಂದು ದಪ್ಪನೆಯ ದ್ರವವನ್ನು ಕಡೆಯುತ್ತದೆ. ವೇಗ ಏರಿದಂತೆ ಒತ್ತಡ ತಾನಾಗಿಯೇ ಬಿರುಸಾಗುವುದರಿಂದ ತುಳಿತದ ಅನುಭವ ರಸ್ತೆಗೆ ಹತ್ತಿರ. ಈ ಎರಡಕ್ಕೂ ಕರೆಂಟು ಬೇಡ.

ನಾಲ್ಕನೆಯದು ಸ್ಮಾರ್ಟ್ ಟ್ರೈನರ್. ಇದರ ಉತ್ತಮ ಮಾದರಿಗಳಲ್ಲಿ ಹಿಂದಿನ ಗಾಲಿಯನ್ನೇ ಕಳಚಿ, ಚೈನನ್ನು ನೇರವಾಗಿ ಯಂತ್ರದ ಗೇರಿಗೆ ಹಾಕುತ್ತಾರೆ. ಮೊಬೈಲು ಅಥವಾ ಕಂಪ್ಯೂಟರಿನ ಆಪ್ ಒತ್ತಡವನ್ನು ನಿಯಂತ್ರಿಸುತ್ತದೆ. ಪರದೆಯ ಮೇಲೆ ಏರು ಬಂದರೆ ಪೆಡಲೂ ಭಾರವಾಗುತ್ತದೆ. ನೀವು ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದೀರೆಂದು ಆಪ್ ಕ್ಷಣಕ್ಷಣಕ್ಕೂ ತೋರಿಸುತ್ತದೆ. ಈ ಯಂತ್ರಗಳಿಂದಲೇ ಒಂದು ಹೊಸ ಕ್ರೀಡೆ ಹುಟ್ಟಿತು. 2020ರ ಡಿಸೆಂಬರಿನಲ್ಲಿ ಮನೆಯೊಳಗಿನ ಸೈಕಲ್ ಓಟದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ, ಪುರುಷರ ವಿಭಾಗದಲ್ಲಿ ಗೆದ್ದವರು ಜರ್ಮನಿಯ ದೋಣಿ ಸ್ಪರ್ಧಿ ಜೇಸನ್ ಓಸ್ಬೋರ್ನ್. ಕಾಲು, ಶ್ವಾಸಕೋಶಗಳ ಬಲ ಕ್ರೀಡೆಯಿಂದ ಕ್ರೀಡೆಗೆ ದಾಟಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಘಾಟಿಯ ಲೆಕ್ಕ

ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯನ್ನು ಎದುರಿಸಲು ಎಂಟರಷ್ಟು ಶಕ್ತಿ ಬೇಕು. ಘಾಟಿಯಲ್ಲಿ ಲೆಕ್ಕ ಬೇರೆ: ಅಲ್ಲಿ ಮುಖ್ಯ ಎದುರಾಳಿ ತೂಕ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಇದ್ದು, 200 ಮೀಟರ್ ಎತ್ತರ ಏರಬೇಕು ಎಂದಿಟ್ಟುಕೊಳ್ಳೋಣ. ಅದಕ್ಕೆ ಬೇಕಾದ ಕೆಲಸ ಸುಮಾರು 1,57,000 ಜೂಲ್. 20 ನಿಮಿಷದಲ್ಲಿ ಹತ್ತುವವರು ಸುಮಾರು 130 ವ್ಯಾಟ್ ಕೊಡಬೇಕು. 15 ನಿಮಿಷದಲ್ಲಿ ಹತ್ತುವವರು ಸುಮಾರು 175 ವ್ಯಾಟ್. ಟೈರಿನ ಘರ್ಷಣೆ, ಗಾಳಿಯ ಅಡ್ಡಿಗಳ ಬಾಬತ್ತು ಇದರ ಮೇಲೆ.

ಈ 130 ಅಥವಾ 175 ವ್ಯಾಟನ್ನು ಕಾಲುಗಳು ದಿವೇ ಘಾಟ್‌ನಲ್ಲಿ ಕೊಟ್ಟರೂ ಒಂದೇ, ಕೋಣೆಯೊಳಗೆ ಕೊಟ್ಟರೂ ಒಂದೇ. ಹೃದಯ ಬಲವಾಗುವುದು ಆ ಶ್ರಮದಿಂದ. ಟ್ರೈನರ್‌ನಲ್ಲಿ ಇಳಿಜಾರಿಲ್ಲ, ಸಿಗ್ನಲ್ ಇಲ್ಲ, ಕಾಲು ಬಿಟ್ಟು ಕೂರುವ ಅವಕಾಶವಿಲ್ಲ. 5 ನಿಮಿಷ ಜೋರು, 3 ನಿಮಿಷ ನಿಧಾನ ಎಂಬಂಥ ಕಟ್ಟುನಿಟ್ಟಿನ ಅಭ್ಯಾಸ ರಸ್ತೆಗಿಂತ ಇಲ್ಲಿ ಕರಾರುವಾಕ್ಕಾಗಿ ಆಗುತ್ತದೆ. ವಾರದ ದಿನ ಮುಕ್ಕಾಲು ಗಂಟೆ ಮಾತ್ರ ಬಿಡುವಿರುವವರಿಗೆ ಇದು ನಿಜವಾದ ಲಾಭ.

ಆದರೆ ಟ್ರೈನರ್ ಕಲಿಸದ ವಿದ್ಯೆಗಳೂ ಇವೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುವ ಹದ, ತಿರುವಿನಲ್ಲಿ ಸೈಕಲ್ ವಾಲಿಸುವುದು, ಗುಂಡಿ ತಪ್ಪಿಸುವುದು, ಲಾರಿ ಪಕ್ಕದಲ್ಲಿ ಹಾದಾಗ ಕೈ ಗಟ್ಟಿಯಾಗಿ ಇಟ್ಟುಕೊಳ್ಳುವುದು ರಸ್ತೆಯಲ್ಲೇ ಬರಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ದೇಶಮಟ್ಟದ ಸೈಕ್ಲಿಸ್ಟ್‌ಗಳು ತಲೆಮಾರುಗಳಿಂದ ಬರುತ್ತಿದ್ದಾರೆ; ಅವರನ್ನು ಬೆಳೆಸಿದ್ದು ಆ ಸೀಮೆಯ ಬಯಲು ರಸ್ತೆಗಳೇ.

ಸೆಕೆ, ಬೆವರು, ಫ್ಯಾನು

ನಮ್ಮ ಹವೆಯಲ್ಲಿ ಟ್ರೈನರ್ ಕೊಂಡವರು ಮೊದಲು ಎದುರಿಸುವುದು ಸೆಕೆಯನ್ನು. ದೇಹ ಉರಿಸಿದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಐದನೆಯ ಒಂದು ಪಾಲಿನಿಂದ ಕಾಲು ಪಾಲಿನಷ್ಟು ಮಾತ್ರ. ಉಳಿದದ್ದೆಲ್ಲ ಶಾಖ. 150 ವ್ಯಾಟ್ ತುಳಿಯುವ ಸವಾರನ ಮೈ ಸುಮಾರು 500 ವ್ಯಾಟ್ ಶಾಖವನ್ನು ಹೊರಹಾಕಬೇಕು. ಒಂದು ಗಂಟೆಯ ಶಾಖವನ್ನು ಬೆವರಿನಿಂದಲೇ ಕಳೆಯುವುದಾದರೆ ಮುಕ್ಕಾಲು ಲೀಟರಿನಷ್ಟು ಬೆವರು ಪೂರ್ತಿ ಆವಿಯಾಗಬೇಕು. ರಸ್ತೆಯಲ್ಲಿ ಎದುರುಗಾಳಿ ಆ ಕೆಲಸ ಮಾಡುತ್ತದೆ. ಕೋಣೆಯಲ್ಲಿ ಗಾಳಿ ಇಲ್ಲದಿದ್ದರೆ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಹಾಗೆ ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮಳೆಗಾಲದ ತೇವದಲ್ಲಿ ಕಷ್ಟ ಇನ್ನೂ ಹೆಚ್ಚು.

ಆದ್ದರಿಂದ ಜೋರಾದ ಫ್ಯಾನನ್ನು ಯಂತ್ರದ ಭಾಗವೆಂದೇ ಎಣಿಸಬೇಕು. ಕಿಟಕಿ ತೆರೆದಿರಲಿ, ನೀರು ಕೈಗೆಟುಕುವಂತಿರಲಿ, ಹ್ಯಾಂಡಲಿನ ಮೇಲೆ ಟವೆಲ್ ಇರಲಿ. ಬೆವರಿನ ಉಪ್ಪು ಹ್ಯಾಂಡಲಿನ ಬೋಲ್ಟು, ಬೇರಿಂಗುಗಳಿಗೆ ತುಕ್ಕು ಹಿಡಿಸುವುದರಿಂದ ಪ್ರತಿ ಸಲ ಒರೆಸಬೇಕು. ಟೈರು ಉರುಳೆಗೆ ಉಜ್ಜುವ ಟ್ರೈನರ್‌ನಲ್ಲಿ ಒಳ್ಳೆಯ ಟೈರು ಬೇಗ ಸವೆಯುತ್ತದೆ. ಹಳೆಯ ಟೈರೊಂದನ್ನು ಇದಕ್ಕೇ ಮೀಸಲಿಡುವುದು ಮೇಲು. ಫ್ಲ್ಯಾಟಿನಲ್ಲಿ ವಾಸವಿದ್ದರೆ ಸದ್ದು, ನಡುಕ ಕೆಳಗಿನ ಮನೆಗೆ ಇಳಿಯದಂತೆ ದಪ್ಪ ರಬ್ಬರ್ ಹಾಸು ಬೇಕು.

ರಸ್ತೆ ಕೈಕೊಡುವ ದಿನಗಳು

ಸಾಸವಡದ ರಸ್ತೆಗಳಿಗೂ ಕಷ್ಟದ ಕಾಲವಿದೆ. ಮಳೆಗಾಲದಲ್ಲಿ ಘಾಟಿಗಳ ಮೇಲೆ ಮಂಜು ಕವಿಯುತ್ತದೆ, ರಸ್ತೆ ಜಾರುತ್ತದೆ. ಆಷಾಢಕ್ಕೆ ಮುನ್ನ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಪುಣೆಯಿಂದ ದಿವೇ ಘಾಟ್ ಹತ್ತಿ ಸಾಸವಡಕ್ಕೆ ಬಂದು ತಂಗುತ್ತದೆ. ವಾರಕರಿ ಭಕ್ತರ ಆ ಮಹಾಯಾತ್ರೆಯ ಹೊತ್ತಿಗೆ ಘಾಟಿ ನಡೆಯುವವರ ಪಾಲು. ಉಳಿದ ದಿನಗಳಲ್ಲಿ ಲಾರಿ, ಬಸ್ಸುಗಳ ದಟ್ಟಣೆ. ಇತ್ತೀಚಿನ ವರ್ಷಗಳಲ್ಲಿ ದಿವೇ ಘಾಟ್ ಅಗಲಗೊಳಿಸುವ ಕಾಮಗಾರಿಯೂ ಸೇರಿಕೊಂಡಿದೆ. ಕಚೇರಿ ಮುಗಿಸಿ ಮನೆ ಸೇರುವಷ್ಟರಲ್ಲಿ ಕತ್ತಲು. ಕತ್ತಲಲ್ಲಿ ಒಬ್ಬರೇ ನಿರ್ಜನ ಘಾಟಿಗೆ ಹೋಗುವುದು ಯಾರಿಗೂ ಕ್ಷೇಮವಲ್ಲ, ಹೆಣ್ಣುಮಕ್ಕಳನ್ನಂತೂ ಹಲವು ಮನೆಯವರು ಬಿಡುವುದೇ ಇಲ್ಲ. ಚಿಕ್ಕ ಮಗುವನ್ನು ಬಿಟ್ಟು ಹೊರಡಲಾಗದ ತಾಯಿ, ಕೈ ಮುರಿದು ಚೇತರಿಸಿಕೊಳ್ಳುತ್ತಿರುವ ಸವಾರ, ಪಾಳಿಯಲ್ಲಿ ದುಡಿಯುವ ಕಾರ್ಮಿಕ ಇಂಥವರಿಗೆ ರಸ್ತೆ ಮನೆ ಬಾಗಿಲಲ್ಲೇ ಇದ್ದರೂ ದಕ್ಕುವುದಿಲ್ಲ. ಟ್ರೈನರಿನ ಪರವಾಗಿ ಇರುವ ಅತಿ ಬಲವಾದ ವಾದ ಇವರದೇ.

ಗಂಟೆಗೆ ಎಷ್ಟು ರೂಪಾಯಿ?

ಸಾಧಾರಣ ಅಯಸ್ಕಾಂತದ ಟ್ರೈನರ್ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಗಾಲಿ ಕಳಚಿ ಹಾಕುವ ಸ್ಮಾರ್ಟ್ ಟ್ರೈನರಿನ ಬೆಲೆ ಲಕ್ಷದ ಹತ್ತಿರ ಹೋಗುತ್ತದೆ, ಕೆಲವು ದಾಟುತ್ತವೆ. ಝ್ವಿಫ್ಟ್‌ನಂಥ ಆಪ್‌ಗೆ ತಿಂಗಳ ಶುಲ್ಕ ಬೇರೆ. ಮೈವೂಶ್‌ನಂಥ ಉಚಿತ ಆಪ್ ಕೂಡ ಇದೆ. ಆದರೆ ಅಂಗಡಿಯ ಬೆಲೆ ನೋಡಿ ತೀರ್ಮಾನಿಸಬಾರದು, ಬಳಸಿದ ಗಂಟೆಗೆ ಬಿದ್ದ ಬೆಲೆ ನೋಡಬೇಕು.

15,000 ರೂಪಾಯಿಯ ಟ್ರೈನರನ್ನು ವಾರಕ್ಕೆ 2 ಗಂಟೆಯಂತೆ ವರ್ಷಕ್ಕೆ 40 ವಾರ, 3 ವರ್ಷ ಬಳಸಿದರೆ ಒಟ್ಟು 240 ಗಂಟೆ. ಗಂಟೆಗೆ ಸುಮಾರು 62 ರೂಪಾಯಿ. ಅದೇ ಯಂತ್ರವನ್ನು ಎರಡು ತಿಂಗಳು ಬಳಸಿ ಮೂಲೆಗೆ ಸರಿಸಿದರೆ ಒಟ್ಟು 16 ಗಂಟೆ. ಗಂಟೆಗೆ 900 ರೂಪಾಯಿಗೂ ಮೇಲೆ. ಯಂತ್ರ ದುಬಾರಿಯೋ ಅಗ್ಗವೋ ಎಂಬುದನ್ನು ನಿಮ್ಮ ಅಭ್ಯಾಸವೇ ನಿರ್ಧರಿಸುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಆರೋಗ್ಯಕ್ಕಾಗಿ ಮಾತ್ರ ಸೈಕಲ್ ತುಳಿಯುವವರಿಗೆ ಟ್ರೈನರ್ ಅಗತ್ಯವಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷದ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನು ಬೆಳಗಿನ ರಸ್ತೆಯಲ್ಲಿ, ಮಳೆ ಬಂದ ದಿನ ಮೆಟ್ಟಿಲು ಹತ್ತಿ ಪೂರೈಸಬಹುದು. ಸೈಕಲ್ ಹೊಸದಾಗಿ ಕೊಂಡವರಿಗೂ ಬೇಡ. ಅವರ ಮೊದಲ ಖರ್ಚು ಹೆಲ್ಮೆಟ್, ಮುಂದಿನ ಮತ್ತು ಹಿಂದಿನ ದೀಪ, ಒಳ್ಳೆಯ ಬ್ರೇಕ್ ಆಗಿರಲಿ.

ಸ್ಪರ್ಧೆಗೋ ದೂರದ ಸವಾರಿಗೋ ತಯಾರಾಗುತ್ತಿರುವವರು, ನಿಗದಿತ ಹೊತ್ತಿನಲ್ಲಿ ಮಾತ್ರ ಬಿಡುವಿರುವವರು, ಕತ್ತಲೆ, ಕುಟುಂಬ, ಗಾಯ ಮುಂತಾದ ಕಾರಣದಿಂದ ತಿಂಗಳುಗಟ್ಟಲೆ ರಸ್ತೆಗಿಳಿಯಲಾಗದವರು ಧೈರ್ಯವಾಗಿ ಕೊಳ್ಳಬಹುದು. ಇವರಲ್ಲೂ ಹೆಚ್ಚಿನವರಿಗೆ ದ್ರವದ ಟ್ರೈನರ್ ಸಾಕು. ಕರೆಂಟು ಹೋದರೂ ಅದು ಕೆಲಸ ಮಾಡುತ್ತದೆ, ಆದರೆ ಆಗ ಫ್ಯಾನೂ ನಿಂತಿರುತ್ತದಾದ್ದರಿಂದ ಹಗುರವಾಗಿ ತುಳಿಯಿರಿ. ವ್ಯಾಟ್ ಲೆಕ್ಕ ಹಿಡಿದು ಅಭ್ಯಾಸ ಮಾಡುವ ಸ್ಪರ್ಧಿಗಳಿಗೆ ಮಾತ್ರ ಸ್ಮಾರ್ಟ್ ಟ್ರೈನರಿನ ದುಡ್ಡು ಸಾರ್ಥಕ. ಕೊಳ್ಳುವ ಮುನ್ನ ನಿಮ್ಮ ಸೈಕಲ್ಲಿನ ಹಿಂದಿನ ಅಚ್ಚು, ಗಾಲಿಯ ಅಳತೆ, ಗೇರಿನ ಸಂಖ್ಯೆ ಯಂತ್ರಕ್ಕೆ ಹೊಂದುತ್ತವೆಯೇ ಎಂದು ಅಂಗಡಿಯಲ್ಲೇ ಸೈಕಲ್ ಕೂರಿಸಿ ನೋಡಿ. ಕಾರ್ಬನ್ ಫ್ರೇಮಿದ್ದರೆ, ಅದನ್ನು ಟ್ರೈನರಿಗೆ ಕಟ್ಟಲು ತಯಾರಕರ ಒಪ್ಪಿಗೆ ಇದೆಯೇ ಎಂದು ಕೈಪಿಡಿ ಓದಿ.

ಸಾಧ್ಯವಾದರೆ ಗೆಳೆಯರಿಂದ ಒಂದು ತಿಂಗಳ ಮಟ್ಟಿಗೆ ಎರವಲು ತಂದು, ವಾರಕ್ಕೆ ಎರಡು ಸಲವಾದರೂ ತುಳಿಯುತ್ತೀರಾ ಎಂದು ಪರೀಕ್ಷಿಸಿಕೊಳ್ಳಿ. ತುಳಿದರೆ ಒಂದು ಕೈ ಬಳಸಿದ ಯಂತ್ರವನ್ನೇ ಹುಡುಕಿ ಕೊಳ್ಳಿ. ತುಳಿಯದಿದ್ದರೆ ಆ ಹಣದಲ್ಲಿ ಸೈಕಲ್ಲಿಗೆ ಹೊಸ ಟೈರು, ಬ್ರೇಕ್ ಹಾಕಿಸಿ, ಬೆಳಕು ಹರಿದ ಮೇಲೆ ಜೊತೆಗಾರರೊಂದಿಗೆ ಘಾಟಿ ಹತ್ತಿ. ಸಾಸವಡದಂಥ ಊರಿನವರಿಗೆ ರಸ್ತೆಯೇ ಮೊದಲ ಆಯ್ಕೆ. ಟ್ರೈನರ್ ರಸ್ತೆ ಸಿಗದ ದಿನಗಳ ಆಸರೆ.